ಸೈಕಲ್ಲಿನ ಕುತ್ತಿಗೆ

ಸೈಕಲ್ಲಿನಲ್ಲಿ ಉಕ್ಕಿನ ಗುಂಡುಗಳು ಕೂತಿರುವ ಜಾಗಗಳನ್ನು ಒಮ್ಮೆ ಎಣಿಸಿ ನೋಡಿ. ಮುಂದಿನ ಚಕ್ರದ ಅಚ್ಚು, ಹಿಂದಿನ ಚಕ್ರದ ಅಚ್ಚು, ನಡುವೆ ಪೆಡಲ್ಲಿನ ಅಚ್ಚು, ಎರಡು ಪೆಡಲ್ಲುಗಳು, ಫ್ರೀವೀಲು. ಸೈಕಲ್ಲು ಓಡುತ್ತಿರುವಾಗ ಇವೆಲ್ಲ ಸುತ್ತುವ ಜಾಗಗಳು. ಇನ್ನೊಂದು ಉಳಿಯಿತು. ಹ್ಯಾಂಡಲ್ಲಿನ ಕೆಳಗೆ, ಕಂಪನಿಯ ಲಾಂಛನ ಅಂಟಿಸಿಕೊಂಡ ಗಿಡ್ಡ ಕೊಳವೆಯೊಂದಿದೆಯಲ್ಲ, ಅದರ ಮೇಲ್ತುದಿಯಲ್ಲಿ ಒಂದು ಸಾಲು, ಕೆಳತುದಿಯಲ್ಲಿ ಒಂದು ಸಾಲು ಗುಂಡುಗಳು. ಇವು ಮಾತ್ರ ಸುತ್ತುವುದಿಲ್ಲ. ನೇರ ರಸ್ತೆಯಲ್ಲಿ ಹ್ಯಾಂಡಲ್ಲು ಎಡಕ್ಕೆ ಎರಡು ಡಿಗ್ರಿ, ಬಲಕ್ಕೆ ಎರಡು ಡಿಗ್ರಿ ಹೊರಳಿದರೆ ಹೆಚ್ಚು. ಬೀದಿಯ ತಿರುವಿನಲ್ಲಿ ಇನ್ನೊಂದಿಷ್ಟು. ಆದರೂ ಸೈಕಲ್ಲಿಗೆ ಬೀಳುವ ಏಟುಗಳಲ್ಲಿ ದೊಡ್ಡ ಪಾಲು ತಿನ್ನುವುದು ಇವೇ.

ಇಂಗ್ಲಿಷಿನವರು ಇದನ್ನು ಹೆಡ್‌ಸೆಟ್ ಎನ್ನುತ್ತಾರೆ. ಈಗ ಆ ಪದ ಕೇಳಿದರೆ ಕಿವಿಗೆ ಹಾಕಿಕೊಳ್ಳುವ ವಸ್ತುವೇ ನೆನಪಾಗುತ್ತದೆ. ನಮ್ಮ ಕಡೆಯ ಸೈಕಲ್ ಶಾಪುಗಳಲ್ಲಿ ಹ್ಯಾಂಡಲ್ ಕಪ್ಪು, ಕೋನು, ಬಾಲ್ಸು ಎಂದೇ ಮಾತು. ಬೆಂಗಳೂರಿನ ಬೈಕ್ ಮೆಕ್ಯಾನಿಕ್ಕು ‘ಕೋನ್ ಸೆಟ್ ಹೋಗಿದೆ ಸಾರ್’ ಅಂದಾಗ ಹೇಳುವುದು ಇದರ ದೊಡ್ಡಣ್ಣನ ವಿಷಯ. ಈ ಬರಹದಲ್ಲಿ ನಾನು ಅದನ್ನು ಕುತ್ತಿಗೆ ಎಂದು ಕರೆಯುತ್ತೇನೆ. ಕೆಲಸಕ್ಕೆಂದು ಚೆನ್ನೈಗೆ ಬಂದು ಅಂಬತ್ತೂರಿನಲ್ಲಿ ನೆಲೆ ನಿಂತವನು ನಾನು. ನಮ್ಮ ಊರುಗಳಲ್ಲಿ ಓಡಾಡಿದ ಎಷ್ಟೋ ಸೈಕಲ್ಲುಗಳು ಹುಟ್ಟಿದ್ದು ಇದೇ ಅಂಬತ್ತೂರಿನಲ್ಲಿ. ಅವುಗಳ ಚರಿತ್ರೆ ಓದುತ್ತ ಹೋದಂತೆ ನನಗೆ ಒಂದು ವಿಷಯ ಮನವರಿಕೆಯಾಗಿದೆ. ಸೈಕಲ್ಲಿನ ಕತೆಯನ್ನು ಚಕ್ರದಿಂದಲೋ ಚೈನಿನಿಂದಲೋ ಶುರುಮಾಡುವುದು ವಾಡಿಕೆ. ಶುರುಮಾಡಬೇಕಾದದ್ದು ಕುತ್ತಿಗೆಯಿಂದ.

1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಮರದ ಚಕ್ರಗಳ ಗಾಡಿಯೊಂದನ್ನು ಹತ್ತಿ ಹೊರಟ. ಅದಕ್ಕೆ ಪೆಡಲ್ಲಿರಲಿಲ್ಲ, ಚೈನಿರಲಿಲ್ಲ, ಉಕ್ಕಿನ ಗುಂಡುಗಳಂತೂ ಇರಲೇ ಇಲ್ಲ. ಕೂತು, ಕಾಲಿನಿಂದ ನೆಲವನ್ನು ಒದ್ದು ಮುಂದೆ ಹೋಗಬೇಕು. ಆದರೆ ಮುಂದಿನ ಚಕ್ರ ಒಂದು ಗೂಟದ ಮೇಲೆ ಎಡಬಲಕ್ಕೆ ತಿರುಗುತ್ತಿತ್ತು. ಅಷ್ಟಿದ್ದುದರಿಂದಲೇ ಅದು ಸೈಕಲ್ಲಾಯಿತು. ಪೆಡಲ್ಲು ಬರಲು ಅಲ್ಲಿಂದ ಸುಮಾರು ಅರ್ಧ ಶತಮಾನ ಹಿಡಿಯಿತು. ಅಂದರೆ ಸೈಕಲ್ಲಿಗೆ ಕಾಲಿಗಿಂತ ಮೊದಲು ಕುತ್ತಿಗೆ ಬಂದಿದೆ.

ಇದರ ಕಾರಣ ಸೈಕಲ್ ಕಲಿತವರಿಗೆಲ್ಲ ಗೊತ್ತು. ಹಿಂದೆ ಸೀಟು ಹಿಡಿದು ಓಡುತ್ತಿದ್ದ ಅಣ್ಣನೋ ಮಾವನೋ ಕೂಗುತ್ತಿದ್ದದ್ದು ಒಂದೇ ಮಾತು: ‘ಬೀಳೋ ಕಡೆಗೇ ಹ್ಯಾಂಡಲ್ ತಿರುಗ್ಸೋ!’ ಎಡಕ್ಕೆ ವಾಲಿದಾಗ ಹ್ಯಾಂಡಲ್ಲನ್ನು ಎಡಕ್ಕೇ ತಿರುಗಿಸಿದರೆ ಚಕ್ರಗಳು ಸರಿದು ಬಂದು ನಮ್ಮ ಭಾರದ ಅಡಿಯಲ್ಲಿ ನಿಲ್ಲುತ್ತವೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟದಲ್ಲಿ ಕೋಲು ವಾಲಿದ ಕಡೆಗೇ ಕೈಯನ್ನು ಒಯ್ಯುತ್ತೇವಲ್ಲ, ಹಾಗೆ. ನೇರ ಹೋಗುತ್ತಿದ್ದೇವೆ ಅಂದುಕೊಂಡಾಗಲೂ ನಾವು ಹೋಗುತ್ತಿರುವುದು ಸಣ್ಣ ಸಣ್ಣ ಹಾವಿನ ನಡೆಯಲ್ಲಿ. ಒದ್ದೆ ನೆಲದಲ್ಲಿ ಮುಂದಿನ ಟೈರು ಬಿಟ್ಟುಹೋದ ಗುರುತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹ್ಯಾಂಡಲ್ಲನ್ನು ಅಲ್ಲಾಡದಂತೆ ಬಿಗಿದುಬಿಟ್ಟರೆ ಎಂಥ ಸವಾರನೂ ಹತ್ತು ಮಾರು ದಾಟಲಾರ.

ಸವಾರನಿಲ್ಲದಿದ್ದರೂ ತಳ್ಳಿಬಿಟ್ಟ ಸೈಕಲ್ಲು ಸ್ವಲ್ಪ ದೂರ ತಾನೇ ಸಮತೋಲ ಕಾಯ್ದುಕೊಂಡು ಓಡುತ್ತದೆ. ಇದು ಹೇಗೆಂದು ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡಿದ್ದಾರೆ. ತಿರುಗುವ ಚಕ್ರದ ಬುಗುರಿ ಗುಣವೇ ಕಾರಣ ಎಂಬುದು ಹಳೆಯ ಉತ್ತರ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಆ ಗುಣವನ್ನು ಉಲ್ಟಾ ತಿರುಗುವ ಇನ್ನೊಂದು ಚಕ್ರದಿಂದ ಹೊಡೆದುಹಾಕಿ, ಆಗಲೂ ಸೈಕಲ್ಲನ್ನು ಓಡಿಸಬಹುದೆಂದು ತೋರಿಸಿದ. ಫೋರ್ಕು ಮುಂದಕ್ಕೆ ಬಾಗಿರುವ ರೀತಿಯೇ ಕಾರಣವಿರಬೇಕು ಎಂದರು. 2011ರಲ್ಲಿ ಡಚ್ ಮತ್ತು ಅಮೆರಿಕನ್ ಸಂಶೋಧಕರ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನೂ ಅಲುಗಾಡಿಸಿತು. ಎರಡೂ ಗುಣಗಳಿಲ್ಲದ ಪುಟ್ಟ ಸೈಕಲ್ಲೊಂದನ್ನು ಕಟ್ಟಿ, ಅದೂ ಬೀಳದೆ ಓಡುವುದನ್ನು ಅವರು ತೋರಿಸಿದರು. ಕಾರಣಗಳ ಬಗ್ಗೆ ಜಗಳವಿರಬಹುದು. ಒಂದು ವಿಷಯದಲ್ಲಿ ಜಗಳವಿಲ್ಲ: ವಾಲಿದ ಕಡೆಗೆ ಮುಂದಿನ ಚಕ್ರ ಸರಾಗವಾಗಿ ತಿರುಗಬೇಕು. ಆ ಸರಾಗವನ್ನು ಕಾಯುವುದೇ ಕುತ್ತಿಗೆಯ ಗುಂಡುಗಳ ಕೆಲಸ.

ಒಳಗೆ ಏನಿದೆ? ಗಿಡ್ಡ ಕೊಳವೆಯ ಎರಡೂ ತುದಿಗೆ ಒಂದೊಂದು ಉಕ್ಕಿನ ಬಟ್ಟಲನ್ನು ಬಡಿದು ಕೂರಿಸಿರುತ್ತಾರೆ. ಫೋರ್ಕಿನ ಹೆಗಲ ಮೇಲೆ ಒಂದು ಬಳೆ ಇರುತ್ತದೆ. ಆ ಬಳೆಗೂ ಕೆಳಗಿನ ಬಟ್ಟಲಿಗೂ ನಡುವೆ ಒಂದು ಸಾಲು ಗುಂಡುಗಳು. ಫೋರ್ಕಿನ ಕೊಳವೆ ಮೇಲೆ ಬಂದು, ಅದರ ತ್ರೆಡ್ಡಿಗೆ ಒಂದು ಕೋನು ತಿರುಪಿಕೊಳ್ಳುತ್ತದೆ. ಕೋನಿಗೂ ಮೇಲಿನ ಬಟ್ಟಲಿಗೂ ನಡುವೆ ಇನ್ನೊಂದು ಸಾಲು. ಕೋನಿನ ಮೇಲೆ ವಾಷರ್ರು, ಹಳೆಯ ಇಂಗ್ಲಿಷ್ ಮಾದರಿಯ ಗಾಡಿಗಳಲ್ಲಿ ದೀಪ ಸಿಕ್ಕಿಸುವ ಪಟ್ಟಿ, ಕೊನೆಗೆ ಎಲ್ಲವನ್ನೂ ಒತ್ತಿ ಹಿಡಿಯುವ ಲಾಕ್ ನಟ್ಟು. ಗುಂಡುಗಳು ಬಟ್ಟಲಿಗೆ ತಾಗುವುದು ಓರೆಯಾಗಿ. ಹಾಗಾಗಿ ಅವು ಮೇಲಿನಿಂದ ಬರುವ ಭಾರವನ್ನೂ ಪಕ್ಕದಿಂದ ಬರುವ ತಳ್ಳುವಿಕೆಯನ್ನೂ ಒಟ್ಟಿಗೇ ತಡೆಯುತ್ತವೆ.

ಎರಡು ಸಾಲುಗಳಿಗೂ ಒಂದೇ ಕೆಲಸವಲ್ಲ. ಭಾರ ಹೊರುವುದು, ಗುಂಡಿಗೆ ಬಿದ್ದಾಗ ಏಟು ತಿನ್ನುವುದು ಬಹುಮಟ್ಟಿಗೆ ಕೆಳಗಿನದು. ಮೇಲಿನದು ಫೋರ್ಕನ್ನು ಓಲಾಡದಂತೆ ನಿಲ್ಲಿಸುತ್ತದೆ.  ಮುಂದಿನ ಚಕ್ರ ಎರಚುವ ಕೆಸರು ನೀರು ಮೊದಲು ತಲುಪುವುದೂ ಕೆಳಗಿನ ಬಟ್ಟಲಿಗೇ. ಕುತ್ತಿಗೆ ಹೋಯಿತೆಂದರೆ ಹೆಚ್ಚಾಗಿ ಮೊದಲು ಹೋದದ್ದು ಕೆಳಗಿನದೇ ಆಗಿರುತ್ತದೆ.

ಗುಂಡುಗಳ ಮೇಲೆ ಭಾರ ಹೊರಿಸಿ ತಿರುಗಿಸುವ ಯೋಚನೆ ಬಹಳ ಹಳೆಯದು. ರೋಮ್ ಹತ್ತಿರದ ನೇಮಿ ಸರೋವರದ ನೀರನ್ನು 1920ರ ದಶಕದ ಕೊನೆಗೆ ಹೊರಹಾಕಿದಾಗ ಕ್ಯಾಲಿಗುಲ ಚಕ್ರವರ್ತಿಯ ಕಾಲದ ಎರಡು ದೊಡ್ಡ ಹಡಗುಗಳು ಸಿಕ್ಕವು. ಅವುಗಳಲ್ಲಿ ತಿರುಗುವ ಮರದ ವೇದಿಕೆಯೊಂದರ ಅಡಿಯಲ್ಲಿ ಕಂಚಿನ ಗುಂಡುಗಳಿದ್ದವು. ಕೂತಲ್ಲೇ ಭಾರ ಹೊತ್ತು ನಿಧಾನಕ್ಕೆ ಹೊರಳುವ ಆ ಗುಂಡುಗಳು, ಹೋಲಿಕೆಗೆ ಹೇಳುವುದಾದರೆ, ನಮ್ಮ ಸೈಕಲ್ಲಿನ ಕುತ್ತಿಗೆಯ ದೂರದ ನೆಂಟರು. 1794ರಲ್ಲಿ ವೇಲ್ಸಿನ ಫಿಲಿಪ್ ವಾನ್ ಎಂಬ ಕಬ್ಬಿಣದ ಉದ್ಯಮಿ ಗಾಡಿಯ ಅಚ್ಚಿಗೆ ಗುಂಡು ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಆದರೂ ಗುಂಡುಗಳು ಲೋಕದ ತುಂಬ ಹರಡಿದ್ದು ಸೈಕಲ್ಲಿನಿಂದ. 1869ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಸೈಕಲ್ ಮೆಕ್ಯಾನಿಕ್ ಜೂಲ್ ಸುರಿರೇ ಪೇಟೆಂಟ್ ಪಡೆದ. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರೂಆನ್‌ವರೆಗೆ ನಡೆದ ಸೈಕಲ್ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಸುರಿರೇಯ ಗುಂಡುಗಳಿದ್ದ ಸೈಕಲ್ಲಿನಲ್ಲಿ.

ತೊಡಕು ಇದ್ದದ್ದು ಗುಂಡಿನ ಅಳತೆಯಲ್ಲಿ. ಇಪ್ಪತ್ತೈದು ಗುಂಡುಗಳ ಸಾಲಿನಲ್ಲಿ ಒಂದು ಕೂದಲೆಳೆಯಷ್ಟು ದೊಡ್ಡದಾದರೂ ಪೂರಾ ಭಾರ ಅದರ ತಲೆಗೆ ಬೀಳುತ್ತದೆ, ಉಳಿದ ಇಪ್ಪತ್ತನಾಲ್ಕು ಸುಮ್ಮನೆ ಜೊತೆಗಿರುತ್ತವೆ. ಮದುವೆ ಮನೆಯಲ್ಲಿ ಒಬ್ಬನೇ ಬಡಿಸುತ್ತಿದ್ದು ಉಳಿದವರು ಪಂಚೆ ಎತ್ತಿಕಟ್ಟಿ ಓಡಾಡುವ ಹಾಗೆ. 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಎಂಬ ಸಣ್ಣ ಪಟ್ಟಣದ ಫ್ರೀಡ್ರಿಖ್ ಫಿಷರ್ ಗಟ್ಟಿ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ, ಸರಿಯಾದ ದುಂಡಿಗೆ ಉಜ್ಜಿ ಕೊಡುವ ಯಂತ್ರ ಮಾಡಿದ. ಸೈಕಲ್ಲಿಗೆಂದು ಹುಟ್ಟಿದ ಆ ಯಂತ್ರ ಆಮೇಲೆ ಕಾರಿಗೂ ವಿಮಾನಕ್ಕೂ ಆಯಿತು. ಗುಂಡುಗಳಿಲ್ಲದೆ ಯುದ್ಧವೂ ನಡೆಯದು ಎಂಬ ಲೆಕ್ಕದಲ್ಲಿ 1943ರ ಆಗಸ್ಟ್ 17 ಮತ್ತು ಅಕ್ಟೋಬರ್ 14ರಂದು ಅಮೆರಿಕದ ವಿಮಾನಗಳು ಆ ಪಟ್ಟಣದ ಮೇಲೆ ಬಾಂಬು ಸುರಿದವು. ಅಕ್ಟೋಬರಿನ ಒಂದೇ ದಿನ ಅವರ 60 ಬಾಂಬರುಗಳು ಉರುಳಿದವು. ಯುದ್ಧ ಮುಗಿದ ಮೇಲೆ, 1960ರ ದಶಕದಲ್ಲಿ, ಫಿಷರನ ಪರಂಪರೆಯ ಕಂಪನಿ ವಡೋದರಕ್ಕೆ ಬಂತು. ಈಗ ಅದರ ಕಾರ್ಖಾನೆಯೊಂದು ಹೊಸೂರಿನಲ್ಲೂ ಇದೆ. ಚೆನ್ನೈನಿಂದ ಬೆಂಗಳೂರಿಗೆ ಆ ದಾರಿಯಲ್ಲಿ ಬಸ್ಸು ಹತ್ತಿ ಹೋಗುವ ನಮ್ಮಂಥವರು ಸೈಕಲ್ಲಿನ ಚರಿತ್ರೆಯ ಪಕ್ಕದಲ್ಲೇ ತೂಕಡಿಸುತ್ತ ಸಾಗುತ್ತೇವೆ.

ಗುಂಡುಗಳು ಚಕ್ರಕ್ಕೆ ಬಂದ ಕೂಡಲೇ ಕುತ್ತಿಗೆಗೂ ಬರಲಿಲ್ಲ. ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಕಾಲದ ಸೈಕಲ್ಲುಗಳಲ್ಲಿ ಕುತ್ತಿಗೆ ಸಾಮಾನ್ಯವಾಗಿ ಮೊಂಡು ಕೋನುಗಳ ಮೇಲೆ, ಎಣ್ಣೆಯ ಭರವಸೆಯಲ್ಲಿ ತಿರುಗುತ್ತಿತ್ತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಎಂಬ ಸೈಕಲ್ಲನ್ನು ತಂದ. ಚಕ್ರಗಳು ಹೆಚ್ಚುಕಡಿಮೆ ಒಂದೇ ಎತ್ತರ, ಹಿಂದಿನ ಚಕ್ರಕ್ಕೆ ಚೈನು. ಮೊದಲ ಮಾದರಿಯಲ್ಲಿ ಹ್ಯಾಂಡಲ್ಲಿಗೂ ಫೋರ್ಕಿಗೂ ನಡುವೆ ಸರಳುಗಳ ಮೂಲಕ ಸಂಬಂಧ. ಬೇಗನೆ ಫೋರ್ಕನ್ನೇ ಹಿಂದಕ್ಕೆ ವಾಲಿಸಿ, ಹ್ಯಾಂಡಲ್ಲನ್ನು ನೇರ ಅದರ ತಲೆಗೇ ಕೂರಿಸಿದ. ಆ ದಶಕ ಮುಗಿಯುವ ಹೊತ್ತಿಗೆ ಕುತ್ತಿಗೆಯಲ್ಲೂ ಗುಂಡುಗಳು ಕಾಣಿಸಿಕೊಂಡವು. ಬಟ್ಟಲು, ಕೋನು, ಗುಂಡು, ಲಾಕ್ ನಟ್ಟು: ಆ ರಚನೆ ನೂರು ವರ್ಷ ಹೆಚ್ಚುಕಡಿಮೆ ಬದಲಾಗದೆ ಉಳಿಯಿತು. ನಮ್ಮ ಊರಿಗೆ ಬಂದದ್ದು ಅದೇ.

ಸ್ವಾತಂತ್ರ್ಯದ ಮೊದಲು ಇಲ್ಲಿ ಓಡುತ್ತಿದ್ದ ಸೈಕಲ್ಲುಗಳಲ್ಲಿ ಬಹುಪಾಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಚೆಟ್ಟಿನಾಡಿನ ಪಳ್ಳತ್ತೂರಿನ ಮುರುಗಪ್ಪ ಮನೆತನದವರು ಬರ್ಮಾದಲ್ಲಿ ಲೇವಾದೇವಿ ಮಾಡಿಕೊಂಡಿದ್ದವರು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಬರ್ಮಾಕ್ಕೆ ನುಗ್ಗುವ ಮೊದಲೇ ಬಂಡವಾಳವನ್ನು ತಾಯ್ನಾಡಿಗೆ ತಂದರು. ಆ ಮನೆತನ 1949ರಲ್ಲಿ ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಕೈಜೋಡಿಸಿ ಟಿ.ಐ. ಸೈಕಲ್ಸ್ ಆಫ್ ಇಂಡಿಯಾ ಶುರುಮಾಡಿತು. 1951ರಲ್ಲಿ ಅಂಬತ್ತೂರಿನಿಂದ ಹರ್ಕ್ಯುಲಿಸ್ ಸೈಕಲ್ಲು ಹೊರಬಂತು. ಬರ್ಮಿಂಗ್‌ಹ್ಯಾಮಿನ ಕ್ರೇನ್ ಸಹೋದರರು 1910ರಲ್ಲಿ ಹುಟ್ಟುಹಾಕಿದ ಹೆಸರು ಅದು. 1946ರಲ್ಲಿ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಅದನ್ನು ಕೊಂಡುಕೊಂಡಿತ್ತು. ಫಿಲಿಪ್ಸ್, ಬಿ.ಎಸ್.ಎ. ಹೆಸರುಗಳೂ ಮುಂದೆ ಅಂಬತ್ತೂರಿನ ಸೈಕಲ್ಲುಗಳ ಮೇಲೆ ಕೂತವು. ಹುಟ್ಟಿದ ಊರಿನಲ್ಲಿ ಮಂಕಾದ ಹೆಸರುಗಳು ಇಲ್ಲಿ ಮನೆಮಾತಾದವು.

ಕನ್ನಡಿಗರಿಗೆ ಇಲ್ಲೊಂದು ಕುತೂಹಲದ ನಂಟಿದೆ. ಟಿ.ಐ. ಸೈಕಲ್ಸಿನ ಮೊದಲ ಅಧ್ಯಕ್ಷರು ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. 1946ರಿಂದ 1949ರವರೆಗೆ ಮೈಸೂರಿನ ದಿವಾನರಾಗಿದ್ದವರು, ಮೈಸೂರಿನ ಕೊನೆಯ ದಿವಾನರು. 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ನಮ್ಮ ಅಜ್ಜಂದಿರ ತಲೆಮಾರು ‘ಆರ್ಕಾಟ್ ಬಾಯ್ಕಾಟ್’ ಎಂದು ಬೀದಿ ಬೀದಿಯಲ್ಲಿ ಕೂಗಿದ್ದು ಇವರ ವಿರುದ್ಧವೇ. ಆ ವರ್ಷ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ದಿವಾನಗಿರಿ ಮುಗಿಸಿ ಮದರಾಸಿಗೆ ಮರಳಿದ ಮುದಲಿಯಾರರು ಸೈಕಲ್ ಕಂಪನಿಯ ತಲೆಯಾಳಾದರು. ಬಾಯ್ಕಾಟ್ ಕೂಗಿದವರಲ್ಲೇ ಎಷ್ಟೋ ಜನ ಆಮೇಲೆ ಅವರ ಕಂಪನಿಯ ಸೈಕಲ್ಲು ತುಳಿದಿರಬೇಕು. ಅಂಬತ್ತೂರಿನಲ್ಲಿ ಇಂದಿಗೂ ಅವರ ಹೆಸರಿನ ಶಾಲೆಯಿದೆ. ಬ್ರಿಟಿಷ್ ಪಾಲುದಾರ ಕಂಪನಿಯ ಮುಖ್ಯಸ್ಥರಾಗಿದ್ದ ಸರ್ ಐವನ್ ಸ್ಟೆಡ್‌ಫೋರ್ಡ್ ಹೆಸರಿನಲ್ಲಿ 1966ರಿಂದ ಆಸ್ಪತ್ರೆಯಿದೆ. ಶೇರ್ ಆಟೋದವರು ಆ ಹೆಸರನ್ನು ತಮ್ಮ ನಾಲಿಗೆಗೆ ಹೊಂದಿಸಿಕೊಂಡು ಕೂಗುತ್ತಾರೆ.

ಇನ್ನೂ ಒಂದು ಮಾತು. 1951ರಲ್ಲಿ ಮಂಗಳೂರು, ಉಡುಪಿ, ಕಾಸರಗೋಡು, ಕೊಳ್ಳೇಗಾಲ, ಬಳ್ಳಾರಿ ಎಲ್ಲವೂ ಮದರಾಸು ರಾಜ್ಯದಲ್ಲೇ ಇದ್ದವು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು. ಉಳಿದವುಗಳ ತೀರ್ಮಾನ 1956ರಲ್ಲಿ ಆಯಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಹಾಗಾಗಿ ಅಂಬತ್ತೂರಿನ ಮೊದಲ ಸೈಕಲ್ಲುಗಳು ಆ ಊರುಗಳಿಗೆ ‘ಹೊರ ರಾಜ್ಯದ ಮಾಲು’ ಆಗಿರಲಿಲ್ಲ, ತಮ್ಮದೇ ರಾಜಧಾನಿಯ ಸರಕಾಗಿದ್ದವು. ನಮ್ಮ ಸಿನಿಮಾಗಳು ಕೋಡಂಬಾಕ್ಕಂನಲ್ಲಿ ತಯಾರಾಗಿ ಊರ ಟೆಂಟಿಗೆ ಬರುತ್ತಿದ್ದ ಕಾಲದಲ್ಲಿ, ಟೆಂಟಿಗೆ ಹೋಗಲು ಹತ್ತುತ್ತಿದ್ದ ಸೈಕಲ್ಲೂ ಮದರಾಸಿನದೇ ಆಗಿರುತ್ತಿತ್ತು.

ಅಂಬತ್ತೂರು ಒಂದೇ ಅಲ್ಲ, ಸುತ್ತಮುತ್ತಲ ಪಟ್ಟಿಯೇ ಸೈಕಲ್ಲಿನ ಅಂಗಾಂಗಗಳ ನಾಡಾಯಿತು. 1955ರ ಜನವರಿಯಲ್ಲಿ ಪಕ್ಕದ ಆವಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದು ಸಮಾಜವಾದಿ ಮಾದರಿಯ ಸಮಾಜ ಕಟ್ಟುವ ನಿರ್ಣಯವಾಯಿತು. ಅದೇ ವರ್ಷ ಅದೇ ಆವಡಿಯಲ್ಲಿ ಸೈಕಲ್ಲಿಗೆ ಬೇಕಾದ ಉಕ್ಕಿನ ಕೊಳವೆಯ ಕಾರ್ಖಾನೆ ಟ್ಯೂಬ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಶುರುವಾಯಿತು. 1960ರಲ್ಲಿ ಚೈನಿನ ಕಂಪನಿ ಬಂತು. ನಗರದ ಇನ್ನೊಂದು ತುದಿಯ ತಿರುವೊಟ್ಟಿಯೂರಿನಲ್ಲಿ 1955ರಲ್ಲಿ ಶುರುವಾದ ಎನ್‌ಫೀಲ್ಡ್ ಕೂಡ ಇಂಗ್ಲೆಂಡಿನಲ್ಲಿ ಸೈಕಲ್ ಮಾಡಿಕೊಂಡಿದ್ದ ಮನೆತನದ್ದೇ. ಬುಲೆಟ್ಟಿನ ಹ್ಯಾಂಡಲ್ಲಿನ ಕೆಳಗೂ ಅದೇ ಬಟ್ಟಲು, ಅದೇ ಕೋನು, ಇನ್ನಷ್ಟು ದಪ್ಪ ಗುಂಡುಗಳು. ಉತ್ತರದಲ್ಲಿ 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಹುಟ್ಟಿದವು. ಬೇರಿಂಗುಗಳನ್ನು ಇಲ್ಲೇ ಮಾಡುವ ಕೆಲಸ 1950ರಲ್ಲಿ ಜೈಪುರದಲ್ಲಿ ಶುರುವಾಗಿತ್ತು.

ಈ ಕಾರ್ಖಾನೆಗಳು ಕೊಟ್ಟ ದೊಡ್ಡ ಕೊಡುಗೆ ಸೈಕಲ್ಲಿಗಿಂತ ಹೆಚ್ಚಾಗಿ ಸೈಕಲ್ಲಿನ ಅಳತೆ. ಇಂಗ್ಲೆಂಡಿನಲ್ಲಿ ಬಹುತೇಕ ಕಂಪನಿಗಳ ಫೋರ್ಕಿನ ಕೊಳವೆಗೆ ಒಂದಂಗುಲದಲ್ಲಿ 24 ತ್ರೆಡ್ಡಿದ್ದರೆ ರ್‍ಯಾಲೆಯದು 26. ಕಣ್ಣಿಗೆ ಎರಡೂ ಒಂದೇ. ಹಾಕಲು ಹೋದರೆ ಎರಡು ಸುತ್ತು ಕೂತು ಆಮೇಲೆ ಕಚ್ಚಿಕೊಳ್ಳುತ್ತದೆ. ಹತ್ತು ದೇಶದ ಹತ್ತು ಅಳತೆ ಇರುವಲ್ಲಿ ರಿಪೇರಿಗೆ ದೊಡ್ಡ ಅಂಗಡಿ ಬೇಕು. ಕೆಲವೇ ಅಳತೆಗಳು ಉಳಿದುಕೊಂಡರೆ ಮರದ ಕೆಳಗೊಬ್ಬ ಮನುಷ್ಯ ಸಾಕು. ನಮ್ಮಲ್ಲಿ ಆದದ್ದು ಅದು. ಕಪ್ಪು ರೋಡ್‌ಸ್ಟರ್ ಸೈಕಲ್ಲಿನ ಭಾಗಗಳು ಕಂಪನಿ ಯಾವುದಾದರೂ ಬಹುಮಟ್ಟಿಗೆ ಒಂದಕ್ಕೊಂದು ಹೊಂದುತ್ತಿದ್ದವು. ಒಂದು ಸ್ಪ್ಯಾನರ್ ಕಟ್ಟು, ಸುತ್ತಿಗೆ, ಸೀಮೆಎಣ್ಣೆಯ ತಟ್ಟೆ, ಗ್ರೀಸಿನ ಡಬ್ಬಿ, ಗುಂಡುಗಳ ತಗಡಿನ ಪೆಟ್ಟಿಗೆ. ಹಿಂದಿನ ಚಕ್ರಕ್ಕೂ ಪೆಡಲ್ ಅಚ್ಚಿಗೂ ಸಾಮಾನ್ಯವಾಗಿ ಕಾಲಂಗುಲದ ಗುಂಡು, ಮುಂದಿನ ಚಕ್ರಕ್ಕೆ ಅಂಗುಲದ 3/16 ಪಾಲಿನದು, ಕುತ್ತಿಗೆಗೆ ಹೆಚ್ಚಾಗಿ ಅಂಗುಲದ 5/32 ಪಾಲಿನದು, ಅಂದರೆ ಸುಮಾರು 4 ಮಿಲಿಮೀಟರು. ಅಳತೆ ಕಡ್ಡಿಯಿಲ್ಲದೆ ಬೆರಳ ತುದಿಯಲ್ಲೇ ಇವುಗಳನ್ನು ಬೇರ್ಪಡಿಸುವವರನ್ನು ನಾವೆಲ್ಲ ನೋಡಿದ್ದೇವೆ. ಊರೂರಿನ ಬಾಡಿಗೆ ಸೈಕಲ್ ಶಾಪುಗಳು ಬದುಕಿದ್ದು ಇದರಿಂದಲೇ. ಒಳಪೆಡಲ್ ಹೊಡೆಯುತ್ತ ಕಲಿಯುವ ಹುಡುಗರು ದಿನಕ್ಕೆ ಹತ್ತು ಸಲ ಗೋಡೆಗೆ ಗುದ್ದಿದರೂ ಸಂಜೆ ಕುತ್ತಿಗೆ ಬಿಚ್ಚಿ ಸರಿಮಾಡಿ ಬೆಳಿಗ್ಗೆ ಮತ್ತೆ ಬಾಡಿಗೆಗೆ ಬಿಡುತ್ತಿದ್ದರು.

ಈಗ ಕುತ್ತಿಗೆಯ ಕಾಯಿಲೆಯ ವಿಷಯ. ಹಳೆಯ ಸೈಕಲ್ಲುಗಳಲ್ಲಿ ಹ್ಯಾಂಡಲ್ಲು ನೇರಕ್ಕೆ ಬಂದಾಗ ‘ಕಟಕ್’ ಎಂದು ಒಂದು ಗುಳಿಗೆ ಬಿದ್ದಂತೆ ನಿಲ್ಲುತ್ತದೆ. ಬಟ್ಟಲಿನಲ್ಲಿ ಗುಂಡು ಕೂತ ಜಾಗದಲ್ಲೆಲ್ಲ ಸಾಲಾಗಿ ಸಣ್ಣ ಗುಳಿಗಳು ಬಿದ್ದಿರುತ್ತವೆ. ಸ್ವೀಡನ್ನಿನ ಯೋಹಾನ್ ಬ್ರಿನೆಲ್ 1900ರಲ್ಲಿ ಲೋಹಕ್ಕೆ ಗುಂಡೊತ್ತಿ, ಬಿದ್ದ ಗುಳಿಯ ಅಗಲದಿಂದ ಗಡಸುತನ ಅಳೆಯುವ ವಿಧಾನ ತೋರಿಸಿದ್ದ. ಇಂಥ ಗುಳಿಗಳಿಗೂ ಅವನ ಹೆಸರೇ ಅಂಟಿತು. ಗುಂಡಿಗೆ ಬಿದ್ದ ಏಟಿಗೇ ಹೀಗಾಗುತ್ತದೆ ಎಂದು ಬಹಳ ಜನ ನಂಬಿದ್ದರು. ‘ದಿ ಬೈಸಿಕಲ್ ವೀಲ್’ ಪುಸ್ತಕ ಬರೆದ ಅಮೆರಿಕದ ಎಂಜಿನಿಯರ್ ಜೋಬ್ಸ್ಟ್ ಬ್ರಾಂಟ್ ಈ ನಂಬಿಕೆಯನ್ನು ಒಪ್ಪಲಿಲ್ಲ. ಚಕ್ರದ ಗುಂಡುಗಳು ಸುತ್ತುತ್ತ ಗ್ರೀಸನ್ನು ಮತ್ತೆ ಮತ್ತೆ ಬಳಿದುಕೊಳ್ಳುತ್ತವೆ. ಕುತ್ತಿಗೆಯವು ಕೂತಲ್ಲೇ ಕೂತಿರುತ್ತವೆ. ರಸ್ತೆಯ ಅದುರಿಗೆ ಫೋರ್ಕು ಹಿಂದೆ ಮುಂದೆ ಬಾಗಿ, ಗುಂಡುಗಳು ಕೂದಲೆಳೆಯಷ್ಟು ಅತ್ತಿತ್ತ ಉಜ್ಜುತ್ತವೆ. ನಡುವಿನ ಗ್ರೀಸು ಹಿಂಡಿ ಹೋಗಿ ಲೋಹಕ್ಕೆ ಲೋಹ ತಾಗಿ, ಚೂರು ಚೂರೇ ಸವೆಯುತ್ತದೆ. ಏಟಿಗಿಂತ ಹೆಚ್ಚಾಗಿ ಕೂತಲ್ಲೇ ಆಗುವ ಉಜ್ಜಾಟವೇ ಕುತ್ತಿಗೆಯನ್ನು ತಿನ್ನುತ್ತದೆ ಎಂಬುದು ಅವನ ವಾದ. ಕಡಿಮೆ ತಿರುಗುವುದರಿಂದಲೇ ಬೇಗ ಹಾಳಾಗುವ ಬೇರಿಂಗು ಇದು.

ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ಕಿಗೆ ಎಪ್ಪತ್ತರ ಹತ್ತಿರ ವಯಸ್ಸು. ಬ್ರಾಂಟನ ಹೆಸರು ಅವರು ಕೇಳಿಲ್ಲ. ಮದ್ದು ಮಾತ್ರ ಗೊತ್ತು. ಗುಂಡುಗಳನ್ನು ಹಿಡಿದಿಡುವ ತಗಡಿನ ಪಂಜರವನ್ನು ಎಸೆದು, ಬಟ್ಟಲಿಗೆ ಗ್ರೀಸು ಮೆತ್ತಿ, ಬಿಡಿ ಗುಂಡುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಪಂಜರದಲ್ಲಿ ಹಿಡಿಯುವುದಕ್ಕಿಂತ ನಾಲ್ಕೈದು ಗುಂಡು ಹೆಚ್ಚು ಹಿಡಿಸುತ್ತವೆ.

‘ಇದರಿಂದ ಏನಾಗತ್ತೆ ಅಣ್ಣಾ?’ ಎಂದು ಕೇಳಿದೆ.

‘ಗುಳಿ ಹಳೇದು, ಲೆಕ್ಕ ಹೊಸದು ಸಾರ್. ಒಂದು ಗುಂಡು ಗುಳಿಗೆ ಬಿದ್ದರೆ ಪಕ್ಕದ್ದು ದಂಡೆ ಮೇಲಿರತ್ತೆ. ಎಲ್ಲಾ ಒಟ್ಟಿಗೆ ಬೀಳೋಕಾಗಲ್ಲ.’

‘ತುಂಬಾ ತುಂಬಿಸಿದರೆ?’

‘ಒಂದರ ಜಾಗ ಖಾಲಿ ಬಿಡಬೇಕು. ಇಲ್ಲದಿದ್ರೆ ಒಂದಕ್ಕೊಂದು ತಿಕ್ಕಾಡ್ತವೆ, ಮನೇಲಿ ಜನ ಜಾಸ್ತಿಯಾದ ಹಾಗೆ.’

ಎಂಜಿನಿಯರಿಂಗ್ ಪುಸ್ತಕದ ಅರ್ಧ ಪುಟ ಆ ಎರಡು ಮಾತಿನಲ್ಲಿತ್ತು. ಬಿಗಿ ಮಾಡುವುದರಲ್ಲೂ ಅವರದೊಂದು ಕ್ರಮವಿದೆ. ಕೋನನ್ನು ಕೈಯಲ್ಲಿ ತಿರುಪಿ, ಅಲುಗಾಟ ನಿಂತ ಜಾಗಕ್ಕೆ ತಂದು, ಒಂದಿಷ್ಟೇ ಹಿಂದಕ್ಕೆ ಬಿಟ್ಟು, ಆಮೇಲೆ ಲಾಕ್ ನಟ್ಟು. ನಟ್ಟು ಬಿಗಿಯುವಾಗ ಕೋನು ಕೆಳಗೆ ಒತ್ತಿಕೊಳ್ಳುತ್ತದೆ, ಹಿಂದಕ್ಕೆ ಬಿಟ್ಟದ್ದು ಅದಕ್ಕಾಗಿ.

ಚೆನ್ನೈ ಕುತ್ತಿಗೆಗೆ ಒಳ್ಳೆಯ ಊರಲ್ಲ. ಸಮುದ್ರದ ಉಪ್ಪು ಗಾಳಿ ಒಂದು ಕಡೆ, ವರ್ಷಕ್ಕೊಮ್ಮೆ ಮನೆ ಬಾಗಿಲಿಗೆ ಬರುವ ನೀರು ಇನ್ನೊಂದು ಕಡೆ. 2015ರ ಡಿಸೆಂಬರಿನ ನೆರೆ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ಎರಡರಲ್ಲೂ ಸಾವಿರಾರು ಸೈಕಲ್ಲುಗಳು ನೀರಿನಲ್ಲಿ ಮುಳುಗಿದ್ದವು. ಮಿಚಾಂಗ್ ಬಂದಾಗ ಅಂಬತ್ತೂರಿನ ಕೈಗಾರಿಕಾ ಬಡಾವಣೆಯೂ ಮುಳುಗಿತ್ತು. ನೀರಿಳಿದ ಮೇಲೆ ಕಾರು, ಫ್ರಿಜ್ಜುಗಳ ಲೆಕ್ಕ ಎಲ್ಲರೂ ಹಾಕಿದರು. ಸೈಕಲ್ಲನ್ನು ಒರೆಸಿ ನಿಲ್ಲಿಸಿದರೆ ಮುಗಿಯಿತು ಅಂದುಕೊಂಡರು. ಬಟ್ಟಲಿನ ಒಳಗೆ ನಿಂತ ನೀರು ಮಾತ್ರ ತನ್ನ ಕೆಲಸ ಮಾಡುತ್ತಿತ್ತು.

ನಮ್ಮ ಬೀದಿಯ ಇಸ್ತ್ರಿಯವರ ಮಗಳಿಗೆ ಸರ್ಕಾರ ಕೊಟ್ಟ ಶಾಲೆಯ ಸೈಕಲ್ಲೊಂದಿತ್ತು. ತಮಿಳುನಾಡಿನಲ್ಲಿ 2000ರ ದಶಕದ ಆರಂಭದಿಂದ ಶಾಲಾ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತ ಬಂದಿದ್ದಾರೆ. ಕರ್ನಾಟಕದಲ್ಲಿ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಕೊಡಲು ಶುರುಮಾಡಿದರು. ನೆರೆಯಾದ ಎರಡು ತಿಂಗಳಿಗೆ ಆ ಹುಡುಗಿ ಸೈಕಲ್ಲು ಬಿಟ್ಟು ನಡೆದು ಹೋಗತೊಡಗಿದಳು. ಕೇಳಿದರೆ, ‘ಅದು ನನ್ನ ಬೀಳಿಸುತ್ತೆ’ ಎಂದಳು. ಟೈರು, ಬ್ರೇಕು, ಚೈನು ಎಲ್ಲ ಸರಿಯಿತ್ತು. ಹ್ಯಾಂಡಲ್ಲು ಮಾತ್ರ ತುಕ್ಕಿನಲ್ಲಿ ಬಿಗಿದು, ತಿರುಗಿಸಿದರೆ ಎಳೆದೆಳೆದು ತಿರುಗುತ್ತಿತ್ತು. ವಾಲಿದ ಕಡೆಗೆ ಚಕ್ರ ತಾನಾಗಿ ಹೊರಳುವುದೇ ನಿಂತುಹೋಗಿತ್ತು. ಅವಳು ಹೇಳಿದ್ದು ಅಕ್ಷರಶಃ ಸತ್ಯ. ಮನೆಯವರು ಗುಜರಿಗೆ ಹಾಕುವ ಯೋಚನೆಯಲ್ಲಿದ್ದರು. ಮೆಕ್ಯಾನಿಕ್ಕು ಬಿಚ್ಚಿದಾಗ ಕೆಳಗಿನ ಬಟ್ಟಲಿನಿಂದ ಗುಂಡುಗಳ ಬದಲು ಕೆಂಪು ಕೆಸರು ಸುರಿಯಿತು. ಎರಡು ಬಟ್ಟಲು, ಬಳೆ, ಒಂದು ಹಿಡಿ ಗುಂಡು, ಕೂಲಿ ಸೇರಿ ಒಂದು ಸಿನಿಮಾ ಟಿಕೆಟ್ಟಿನಷ್ಟು ಖರ್ಚಾಯಿತು. ಮಾರನೆಯ ದಿನದಿಂದ ಅವಳು ಮತ್ತೆ ಸೈಕಲ್ಲಿನಲ್ಲಿ ಹೋದಳು.

ನನ್ನನ್ನು ಯೋಚನೆಗೆ ಹಚ್ಚುವುದು ಆ ರಿಪೇರಿಯ ಭವಿಷ್ಯ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ತ್ರೆಡ್ಡಿಲ್ಲದ ಹೊಸ ಬಗೆಯ ಕುತ್ತಿಗೆ ಬಂತು. ಅದರ ಒಳಗೆ ಈಗ ಹೆಚ್ಚಾಗಿ ಮುಚ್ಚಿದ ಬೇರಿಂಗುಗಳಿರುತ್ತವೆ. ನೀರು, ಧೂಳು ಸುಲಭಕ್ಕೆ ಒಳಗೆ ಹೋಗುವುದಿಲ್ಲ, ಹಗುರ, ಒಳ್ಳೆಯದೇ. ಇ.ಸಿ.ಆರ್. ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಮಾಮಲ್ಲಪುರದ ಕಡೆ ಹೋಗುವ ನನ್ನ ಸಹೋದ್ಯೋಗಿಗಳ ಸೈಕಲ್ಲಿನಲ್ಲಿರುವುದು ಅದೇ. ಆದರೆ ಹೋದಾಗ ಬಿಚ್ಚಿ ಗುಂಡು ಬದಲಿಸುವ ಹಾಗಿಲ್ಲ. ಬೇರಿಂಗನ್ನೇ ಎಸೆದು, ಅದೇ ಕಂಪನಿಯ ಅದೇ ಅಳತೆಯದನ್ನು ತರಿಸಬೇಕು. ಅಳತೆಗಳು ಮತ್ತೆ ಹತ್ತು ಹದಿನೈದಾಗಿವೆ. ಅಂಗಡಿಯವರು ಅಂತರ್ಜಾಲದಲ್ಲಿ ಹುಡುಕಿ, ವಾರ ಕಾದು ಹಾಕಿಕೊಡುತ್ತಾರೆ. ಭಾನುವಾರದ ಸವಾರಿಗೆ ಅಷ್ಟು ಕಾಯಬಹುದು. ಕೆಲಸಕ್ಕೆ, ಶಾಲೆಗೆ, ಕಾವಲಿಗೆ ಸೈಕಲ್ಲು ತುಳಿಯುವವರಿಗೆ ವಾರ ಕಾಯುವುದೆಂದರೆ ವಾರದ ಕೂಲಿ, ವಾರದ ಪಾಠ.

ಅವರ ಸೈಕಲ್ಲಿನಲ್ಲಿ ಇವತ್ತಿಗೂ ಇರುವುದು ಬಟ್ಟಲು ಮತ್ತು ಬಿಡಿ ಗುಂಡೇ. ಭಾಗಗಳು ಸಿಗುತ್ತವೆ, ಬೆಲೆ ಕಡಿಮೆ. ಕಡಿಮೆಯಾಗುತ್ತಿರುವುದು ಬಿಚ್ಚಿ ಕೂರಿಸುವ ಕೈಗಳು. ನಮ್ಮ ಮೆಕ್ಯಾನಿಕ್ಕಿನ ಮಗ ಕಾಲ್ ಸೆಂಟರಿನಲ್ಲಿದ್ದಾನೆ, ಅದರ ಬಗ್ಗೆ ಅವರಿಗೆ ಹೆಮ್ಮೆಯೇ ಇದೆ, ಇರಬೇಕು ಕೂಡ. ಅವರ ತಗಡಿನ ಪೆಟ್ಟಿಗೆಯನ್ನು ಮುಂದೆ ಯಾರು ಎತ್ತಿಕೊಳ್ಳುತ್ತಾರೆ ಎಂಬುದಕ್ಕೆ ಬೀದಿಯಲ್ಲಿ ಉತ್ತರವಿಲ್ಲ. ಸೈಕಲ್ ಹಂಚುವ ಸರ್ಕಾರಗಳು ಊರಿಗೊಬ್ಬ ಹುಡುಗನಿಗೋ ಹುಡುಗಿಗೋ ಈ ಕೆಲಸ ಕಲಿಸಿ, ಒಂದು ಕಟ್ಟು ಸ್ಪ್ಯಾನರ್ ಕೊಟ್ಟರೆ, ಶಾಲೆಯ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿರುವ ಎಷ್ಟೋ ಸೈಕಲ್ಲುಗಳು ಮತ್ತೆ ಬೀದಿಗಿಳಿಯುತ್ತವೆ.

ಅಷ್ಟರವರೆಗೆ ನಾವೇ ಮಾಡಬಹುದಾದದ್ದೊಂದಿದೆ. ಮನೆಯಲ್ಲಿ ಸೈಕಲ್ಲಿದ್ದರೆ ಮುಂದಿನ ಬ್ರೇಕು ಹಿಡಿದು, ಗಾಡಿಯನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ಲಿನ ಕೆಳಗೆ ‘ಟಕ್ ಟಕ್’ ಎಂದರೆ ಸಡಿಲವಾಗಿದೆ. ಆಮೇಲೆ ಅಡ್ಡ ಕೊಳವೆ ಹಿಡಿದು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಗಾಡಿಯನ್ನು ಒಂದು ಪಕ್ಕಕ್ಕೆ ಒಂಚೂರು ವಾಲಿಸಿ. ಹ್ಯಾಂಡಲ್ಲು ತಾನಾಗಿ ಆ ಕಡೆಗೆ ಮೆತ್ತಗೆ ಹೊರಳಬೇಕು. ನೇರದಲ್ಲೇ ಸಿಕ್ಕಿಕೊಂಡರೆ ಗುಳಿ ಬಿದ್ದಿದೆ, ಎಳೆದೆಳೆದು ಬಂದರೆ ಬಿಗಿಯಾಗಿದೆ ಇಲ್ಲವೇ ತುಕ್ಕು ಹಿಡಿದಿದೆ. ಮೂರರಲ್ಲಿ ಯಾವುದಿದ್ದರೂ ಮರದ ಕೆಳಗಿನವರು ಅಂಗಡಿ ಎತ್ತುವ ಮೊದಲು ಒಮ್ಮೆ ಅವರ ಹತ್ತಿರ ಒಯ್ಯಿರಿ. ಅವರು ಕೋನು ಬಿಚ್ಚುವಾಗ ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿ, ಗುಂಡುಗಳನ್ನು ಎಣಿಸಲು ಬಿಡಿ.